ಕಣದಲ್ಲಿ ಆಡಬಾರದ ಮಾತು

‘ಫಸ್ಟ್ ಇಂಪ್ರೆಶನ್’ ಎಂಬ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಆ ಮಾತನ್ನು ನಮ್ಮ ಅಂಗಡಿಗೆ ತಂದವನು ಬೆಂಗಳೂರಿನ ಒಬ್ಬ ಮಾರ್ಕೆಟಿಂಗ್ ಸಲಹೆಗಾರ. ಒಂದು ದಿನ ಬಂದ, ಎರಡು ತಾಸು ಕೂತ. ಅಷ್ಟರಲ್ಲಿ ಅದನ್ನು ಎಷ್ಟು ಸಲ ಆಡಿದನೆಂದರೆ ಝೆರಾಕ್ಸ್ ಮಾಡಿಸಲು ಬಂದವರೂ ಕಲಿತುಕೊಂಡು ಹೋದರು. ಮರುದಿನ ಎದುರಿನ ಚಹಾದಂಗಡಿಯವನು ಕಪ್ಪು ಇಡುತ್ತಾ, “ಫಸ್ಟ್ ಇಂಪ್ರೆಶನ್ ಹ್ಯಾಂಗದ್ರಿ?” ಎಂದು ನನ್ನನ್ನೇ ಕೆಣಕಿದ.

ನಮ್ಮದು ಆಳಂದದಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಸಣ್ಣ ಆನ್‌ಲೈನ್ ಸೆಂಟರ್. ಪಹಣಿ ತೆಗೆಯುವುದು, ಬೆಳೆ ವಿಮೆ ತುಂಬುವುದು, ಪರೀಕ್ಷೆಯ ಅರ್ಜಿ ಹಾಕುವುದು. ಕಂಪ್ಯೂಟರಿನ ಮುಂದೆ ನಾನು, ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಫೋನ್ ಹಿಡಿದುಕೊಂಡು ನನ್ನ ಅಕ್ಕ. ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಭಾವನಿಗೆ ಒಂದು ರಾಶಿ ಮಷಿನ್ ಇತ್ತು. ಟ್ರ್ಯಾಕ್ಟರಿಗೆ ಜೋಡಿಸಿಕೊಂಡು ಹೊಲಹೊಲಕ್ಕೆ ಹೋಗಿ, ಕೊಯ್ದಿಟ್ಟ ತೊಗರಿಯ ಕಾಳು ಬೇರೆ, ಹೊಟ್ಟು ಬೇರೆ ಮಾಡಿಕೊಡುವ ಮಷಿನ್. ಭಾವ ಹೋದ ಮೇಲೆ ಅದನ್ನು ಖಜೂರಿಯವರೊಬ್ಬರಿಗೆ ಮಾರಿಬಿಟ್ಟಳು. ಮಷಿನ್ ಹೋಯಿತೇ ಹೊರತು ಅವಳಿಗೆ ಬರುವ ಫೋನುಗಳು ನಿಲ್ಲಲಿಲ್ಲ. ಅಫಜಲಪುರ ಕಡೆಯಿಂದ, ಜೇವರ್ಗಿ ಕಡೆಯಿಂದ ಹಳೆಯ ಮನೆತನದವರೆಲ್ಲ ಅವಳಿಗೇ ಫೋನ್ ಹಚ್ಚುತ್ತಿದ್ದರು. “ಅಕ್ಕಾರ, ನಮ್ಮ ತೊಗರಿ ಒಣಗೇದ, ಮಷಿನ್ ಯಾವಾಗ ಕಳಸ್ತೀರಿ?”

ಮಷಿನ್ ಅವಳದಲ್ಲ ಎಂದು ಅವರಿಗೆ ಗೊತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಅವಳ ಮಾತು. ಯಾವ ಹೊಲಕ್ಕೆ ಯಾವ ಕಡೆಯಿಂದ ಟ್ರ್ಯಾಕ್ಟರ್ ಇಳಿಯುತ್ತದೆ, ಯಾರ ತೊಗರಿಯಲ್ಲಿ ಕಲ್ಲು ಜಾಸ್ತಿ, ಯಾವ ಡ್ರೈವರ್ ಕಾಳು ಒಡೆಯದ ಹಾಗೆ ಮಷಿನ್ ಓಡಿಸುತ್ತಾನೆ, ಎಲ್ಲ ಅವಳ ತಲೆಯಲ್ಲಿತ್ತು. ಮಂಗಳವಾರ ಬರುತ್ತದೆ ಎಂದರೆ ಮಂಗಳವಾರ ಮಷಿನ್ ಬರುತ್ತಿತ್ತು. ಬರದಿದ್ದರೆ ಅವಳೇ ಹೋಗಿ ಡ್ರೈವರನ ಮನೆ ಬಾಗಿಲಲ್ಲಿ ಕೂರುತ್ತಿದ್ದಳು. ಅವಳಿಗಿದ್ದ ಆಸ್ತಿ ಅದೊಂದೇ, ಜನ ಅವಳ ಮಾತಿಗೆ ಕೊಡುತ್ತಿದ್ದ ಕಿಮ್ಮತ್ತು.

ಸ್ಟಾರ್ಟಪ್ ಎಂಬ ಹೆಸರು ಆಮೇಲೆ ಬಂತು. ಅರ್ಜಿ ತುಂಬಲು ಬಂದ ಇಬ್ಬರು ಇಂಜಿನಿಯರಿಂಗ್ ಹುಡುಗಿಯರು ಅಕ್ಕನ ಫೋನಿನ ಕೆಲಸ ನೋಡಿ, ಇದನ್ನು ಮೊಬೈಲಿನಲ್ಲಿ ಕೂರಿಸಬಹುದಲ್ಲ ಎಂದರು. ಕೂರಿಸಿಯೂ ಕೊಟ್ಟರು. ರೈತ ಒಂದು ನಂಬರಿಗೆ ಫೋನ್ ಮಾಡಿದರೆ ಅಕ್ಕನ ದನಿ ಕೇಳಿಸುತ್ತದೆ, ಊರು, ಎಕರೆ ಹೇಳಿದರೆ ಹತ್ತಿರದ ಮಷಿನ್‌ಗೆ ಸುದ್ದಿ ಹೋಗುತ್ತದೆ. ನಾವು ಇಟ್ಟ ಹೆಸರಿನಲ್ಲಿ ‘ರಾಶಿ’ ಎನ್ನುವ ಮಾತಿತ್ತು. ಪೂರ್ತಿ ಹೆಸರು ಇಲ್ಲಿ ಬೇಡ. ಹೊಸ ಉದ್ಯಮಗಳ ಕೈ ಹಿಡಿಯುತ್ತೇವೆ ಎನ್ನುವ ಒಂದು ಸಂಸ್ಥೆ ನಮ್ಮನ್ನು ಆರಿಸಿತು. ನನಗೆ ಆಗಿದ್ದ ಖುಷಿಯನ್ನು ಮುಚ್ಚಿಡುವುದಿಲ್ಲ. ‘ಸಂಸ್ಥಾಪಕಿ’ ಎಂದು ಕಾರ್ಡ್ ಮಾಡಿಸಿಕೊಂಡು ಮನೆಯ ಕನ್ನಡಿಯ ಅಂಚಿಗೆ ಒಂದನ್ನು ಸಿಕ್ಕಿಸಿದ್ದೆ. ಆ ಸಂಸ್ಥೆ ಸಹಾಯವೆಂದು ಕಳುಹಿಸಿದ್ದು ಈ ಮಹಾನುಭಾವನನ್ನು.

ಬಂದವನೇ ಅಕ್ಕ ರೆಕಾರ್ಡ್ ಮಾಡಿದ್ದ ಸ್ವಾಗತದ ಮಾತು ಕೇಳಬೇಕೆಂದ. ಕೇಳಿಸಿದೆ. “ನಮಸ್ಕಾರ್ರಿ. ರಾಶಿ ಮಾಡಿಸೋದದೇನ್ರಿ? ಯಾವೂರು, ಎಷ್ಟ ಎಕರೆ, ತೊಗರಿ ಒಣಗೇದೋ ಇಲ್ಲೋ ಖರೇ ಹೇಳ್ರಿ. ಹಸಿ ಇದ್ರ ಮಷಿನ್ ಕಳಸಂಗಿಲ್ಲ.”

ಆತ ನಕ್ಕ. ಕೆಟ್ಟ ನಗೆಯಲ್ಲ, ಮಕ್ಕಳ ತೊದಲು ಕೇಳಿದಾಗ ನಗುತ್ತಾರಲ್ಲ, ಅಂಥದ್ದು. ಅದೇ ನನಗೆ ಹೆಚ್ಚು ಚುಚ್ಚಿತು.

“ಕ್ಯೂಟ್ ಆಗಿದೆ ಮೇಡಂ. ಆದರೆ ತುಂಬ ರಾ ಆಗಿದೆ. ಕಸ್ಟಮರನ್ನೇ ಗದರಿಸಿದ ಹಾಗಿದೆ. ಫಸ್ಟ್ ಇಂಪ್ರೆಶನ್ ಪ್ರೊಫೆಶನಲ್ ಆಗಿರಬೇಕು. ನಮ್ಮ ಹತ್ತಿರ ಒಳ್ಳೆಯ ವಾಯ್ಸ್ ಆರ್ಟಿಸ್ಟ್ ಇದ್ದಾರೆ, ಕ್ಲೀನ್ ಕನ್ನಡ.”

ಕ್ಲೀನ್ ಕನ್ನಡ! ಹಾಗಾದರೆ ನಮ್ಮದು ಮೈಲಿಗೆಯ ಕನ್ನಡವೇ? ಹಸಿ ತೊಗರಿ ಮಷಿನ್‌ಗೆ ಹಾಕಿದರೆ ಕಾಳು ನುಚ್ಚಾಗುತ್ತದೆ, ಅದಕ್ಕೇ ಅಕ್ಕ ಗದರಿಸುತ್ತಾಳೆ, ಗದರಿಸುತ್ತಾಳೆ ಎಂಬ ಕಾರಣಕ್ಕೇ ಜನ ಅವಳನ್ನು ನಂಬುತ್ತಾರೆ. ಇದನ್ನೆಲ್ಲ ಹೇಳಬೇಕಿತ್ತು. ನಾನು ಹೇಳಿದ್ದು, “ಹೌದು ಸರ್.” ಪಕ್ಕದಲ್ಲೇ ಕೂತಿದ್ದ ಅಕ್ಕ ಸೆರಗಿನ ತುದಿ ಸರಿಮಾಡಿಕೊಂಡು, “ಚಹಾ ಹೇಳ್ಲೇನ್ರಿ?” ಎಂದು ಅವನನ್ನು ಕೇಳಿದಳು.

ಹೋಗುವ ಮುನ್ನ ಆತ ಇನ್ನೊಂದು ಮಾತು ಹೇಳಿದ. “ಆದರೆ ಇವರ ಹೆಸರು ಮಾತ್ರ ಎಲ್ಲ ಕಡೆ ಇರಲಿ. ಈ ಕಡೆ ಟ್ರಸ್ಟ್ ಇರೋದು ಆ ಹೆಸರಲ್ಲಿ. ದನಿ ಯಾರದಾದರೇನು?” ಆಗ ಅದು ನನಗೆ ಬಹಳ ಜಾಣತನದ ಮಾತೆನಿಸಿತು. ಅಕ್ಕನಿಗೂ ಗೌರವ ಸಿಕ್ಕಿತಲ್ಲ ಎಂದುಕೊಂಡೆ.

ಮೂರು ವಾರದಲ್ಲಿ ಅಕ್ಕನ ದನಿಯ ಜಾಗದಲ್ಲಿ ಆ ಆರ್ಟಿಸ್ಟಿನ ದನಿ ಕೂತಿತು, ಪೋಸ್ಟರಿನ ಬಂಡಲ್ಲೂ ಬಸ್ಸಿನಲ್ಲಿ ಬಂತು. ಅಕ್ಕನೂ ನಾನೂ ಅಂಗಡಿಯ ನೆಲದ ಮೇಲೆ ಬಿಚ್ಚಿದೆವು. ಒಳ್ಳೆಯ ಕಾಗದ, ಕಣ್ಣು ಕುಕ್ಕುವ ಬಣ್ಣ. ನಡುವೆ ಒಂದು ಮೊಬೈಲು. ಅದರ ಸುತ್ತ ದುಂಡಗೆ ಒಂದು ಚೇಳು, ಒಂದು ಏಡಿ, ಒಂದು ತಕ್ಕಡಿ, ಎರಡು ಮೀನು, ಕೊಡ ಹೊತ್ತವನೊಬ್ಬ. ಕೆಳಗೆ ದೊಡ್ಡ ಅಕ್ಷರದಲ್ಲಿ, ‘ನಿಮ್ಮ ರಾಶಿ ಈಗ ನಿಮ್ಮ ಬೆರಳ ತುದಿಯಲ್ಲಿ!’

“ಈ ಚೇಳ ಯಾಕ ಬೇ ತಂಗಿ?” ಅಕ್ಕ ಕೇಳಿದಳು. “ತೊಗರಿ ಸೂಡಿನಾಗ ಇರ್ತಾವಂತ ಹುಷಾರಿ ಹೇಳಾಕತ್ತಾರೇನು?”

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ವೃಶ್ಚಿಕ, ಕರ್ಕಾಟಕ, ತುಲಾ. ಆ ಮಹಾನುಭಾವನಿಗೆ ರಾಶಿ ಎಂದರೆ ಪಂಚಾಂಗದ ರಾಶಿ! ನಮ್ಮಲ್ಲಿ ಎರಡು ತಾಸು ಕೂತು ಹೋದವನು, ತೊಗರಿ, ಮಷಿನ್, ಕಣ ಎಂದು ನಾನು ಬಾಯಿ ನೋಯುವಷ್ಟು ಹೇಳಿದ್ದನ್ನು ಕೇಳಿದವನು, ಚಿತ್ರ ಬರೆಯುವವರಿಗೆ ಬರೀ ‘ರಾಶಿ’ ಎಂದು ಬರೆದು ಕಳಿಸಿದ್ದ. ಅವರು ತಮಗೆ ಗೊತ್ತಿದ್ದ ರಾಶಿ ಬರೆದರು. ಒಬ್ಬರಾದರೂ ಒಮ್ಮೆ ಫೋನ್ ಮಾಡಿ ಕೇಳಲಿಲ್ಲ. ಕೇಳುವಷ್ಟು ದೊಡ್ಡ ಊರೇ ನಮ್ಮದು?

ಅಷ್ಟರಲ್ಲಿ ಅಫಜಲಪುರದಲ್ಲೂ ಜೇವರ್ಗಿಯಲ್ಲೂ ಸಲಹೆಗಾರನ ಕಡೆಯವರೇ ನೇರವಾಗಿ ಅಂಟಿಸಿಯಾಗಿತ್ತು. ಅಫಜಲಪುರದ ಸಂತೆಯ ದಿನ ನಾವು ಟೇಬಲ್ ಹಾಕಿಕೊಂಡು ಕೂತರೆ, ಬಂದವರೆಲ್ಲ ಜಾತಕ ಕೇಳುವವರೇ. ಒಬ್ಬರು ಅಂಗೈ ಚಾಚಿಯೇ ನಿಂತರು. ಇನ್ನೊಬ್ಬರು ಅಕ್ಕನ ಮುಂದೆ ಕುಕ್ಕರುಗಾಲಲ್ಲಿ ಕೂತು, “ನಂದು ಕನ್ಯಾ ರಾಶಿ ಅದ್ರಿ, ಈ ವರ್ಷ ಹ್ಯಾಂಗದ ಹೇಳ್ರಿ” ಎಂದರು.

ಅಕ್ಕ ಮುಖ ಗಂಭೀರ ಮಾಡಿಕೊಂಡು, “ಕನ್ಯಾ ರಾಶಿಯವರ ತೊಗರಿ ಇನ್ನೂ ಹಸಿ ಅದ್ರಿ. ನಾಕ ದಿನ ಒಣಗ್ಲಿ, ಆಮ್ಯಾಲ ಮಷಿನ್ ಕಳಸ್ತೇನಿ” ಎಂದಳು. ಸುತ್ತ ನಿಂತವರು ಬಿದ್ದು ಬಿದ್ದು ನಕ್ಕರು. ಕನ್ಯಾ ರಾಶಿಯವರೂ ನಕ್ಕು, ತಮ್ಮ ನಾಲ್ಕು ಎಕರೆ ತೊಗರಿಗೆ ಹೆಸರು ಬರೆಸಿ ಹೋದರು. ಆ ದಿನ ಬಂದ ಬುಕಿಂಗುಗಳೆಲ್ಲ ಅಕ್ಕನ ಬಾಯಿಂದ ಬಂದವು. ಪೋಸ್ಟರಿನಿಂದ ಬಂದದ್ದು ನಗೆಪಾಟಲು.

ನಾನು ಸಲಹೆಗಾರನಿಗೆ ಫೋನ್ ಮಾಡಿ ಕೂಗಾಡಿದೆ. ಆತ ಶಾಂತವಾಗಿ, “ಓ, ಇಂಟರೆಸ್ಟಿಂಗ್! ನಿಮ್ಮ ಕಡೆ ಬೇರೆ ಮೀನಿಂಗ್ ಇದೆಯಾ?” ಎಂದ. ನಮ್ಮ ಕಡೆ! ಕಾಳಿನ ರಾಶಿಗಿಂತ ಮೊದಲು ಆಕಾಶದ ರಾಶಿ ಹುಟ್ಟಿತೇ? “ಆದರೂ ಜನ ಮಾತಾಡ್ತಿದ್ದಾರಲ್ಲ ಮೇಡಂ, ಅದೇ ಮುಖ್ಯ” ಎಂದು ಸೇರಿಸಿದ. ಊರೆಲ್ಲ ನಕ್ಕರೂ ಇವನಿಗೆ ಲಾಭದ ಕಡೆಗೇ ಬರೆದುಕೊಳ್ಳುವ ವಿದ್ಯೆ ಇತ್ತು.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ. ನಗೆ ನಾಲ್ಕು ದಿನದ್ದು.

ಜೇವರ್ಗಿಯ ಹತ್ತಿರ ಕೊಳಕೂರಿನಲ್ಲಿ ಒಂದು ಮನೆತನವಿದೆ. ಭಾವನ ಮಷಿನ್ ಹೊಸದಾಗಿ ಬಂದಾಗ ಮೊದಲು ಕರೆದವರು ಅವರೇ. ಭಾವ ಹೋದ ಮೇಲೂ ಅಕ್ಕನ ಮಾತಿನ ಮೇಲೆಯೇ ಅವರ ರಾಶಿ. ಮನೆಯ ಹಿರಿಯಳು ಒಬ್ಬ ಮುದುಕಿ, ಹಣೆಗೆ ಮೂರು ಬೆರಳ ವಿಭೂತಿ, ಬೆನ್ನು ಬಾಗಿದ್ದರೂ ದನಿ ಬಾಗಿರಲಿಲ್ಲ. ಅಕ್ಕ ಅವಳನ್ನು ಆಯಿ ಎಂದು ಕರೆಯುತ್ತಿದ್ದಳು. ಹೊಸ ಪದ್ಧತಿ ಆಯಿಗೆ ಬೇಡವಾಗಿತ್ತು. “ನೀ ಫೋನ್ ಮಾಡು, ನಾ ನಿನಗ ಹೇಳ್ತೇನಿ. ನಡುವ ಮಷಿನಿನ ಮಾತು ಯಾಕ?” ಎಂದಿದ್ದಳು. ಅಕ್ಕನೇ ಒಪ್ಪಿಸಿದಳು, ನನ್ನ ಸಲುವಾಗಿ. ನನ್ನ ಎದುರೇ ಫೋನಿನಲ್ಲಿ ಹೇಳಿದಳು, “ಆಯಿ, ಫಿಕರ್ ಮಾಡಬ್ಯಾಡ. ಆ ನಂಬರಿನಿಂದ ಫೋನ್ ಬಂತಂದ್ರ ನಾನೇ ಮಾತಾಡಾಕತ್ತೇನಂತ ತಿಳ್ಕೊ.”

ಎಳ್ಳ ಅಮಾವಾಸ್ಯೆ ಕಳೆದು ಕೆಲವು ದಿನಕ್ಕೆ ಖಜೂರಿಯ ಮಷಿನ್ ಕೊಳಕೂರಿಗೆ ಹೋಯಿತು. ಹೇಳಿದ ದಿನಕ್ಕೇ ಹೋಯಿತು, ಕಾಳು ಒಂದೂ ಒಡೆಯಲಿಲ್ಲ. ಮುಂದೆ ನಡೆದದ್ದನ್ನು ನಮಗೆ ಹೇಳಿದವನು ಮಷಿನಿನ ಡ್ರೈವರ್.

ಮಧ್ಯಾಹ್ನದ ಹೊತ್ತಿಗೆ ಮಷಿನ್ ನಿಲ್ಲಿಸಿದ್ದಾರೆ. ತಾಡಪತ್ರಿಯ ಮೇಲೆ ಕೆಂಪು ತೊಗರಿಯ ಗುಡ್ಡೆ. ಮನೆಯವರೆಲ್ಲ ಚಪ್ಪಲಿ ದೂರ ಬಿಟ್ಟು ಸುತ್ತ ನಿಂತಿದ್ದಾರೆ. ಆಯಿ ರಾಶಿಗೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಕಾಯಿ ಒಡೆಯಬೇಕು. ಆಮೇಲೆ ಮೊದಲ ಬುಟ್ಟಿ ತುಂಬಿ ‘ಲಾಭ’ ಎನ್ನಬೇಕು. ನಮ್ಮಲ್ಲಿ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ. ಕಣದಲ್ಲಿ ಕೆಲವು ಮಾತು ಆಡುವುದೇ ಇಲ್ಲ. ತೀರಿತು ಎನ್ನುವುದಿಲ್ಲ, ಖಾಲಿ ಎನ್ನುವುದಿಲ್ಲ. ಮುಗಿಯಿತು ಎಂದಂತೂ ಯಾರ ಬಾಯಿಂದಲೂ ಬರುವುದಿಲ್ಲ. ಕೆಲಸ ಪೂರ್ತಿಯಾದರೆ ‘ಹುಲುಸಾತು’ ಎನ್ನುತ್ತೇವೆ. ಮನೆಯಲ್ಲಿ ಕುಂಕುಮ ತೀರಿದರೂ ‘ಹೆಚ್ಚಾಗೇದ’ ಎನ್ನುವ ಜನ ನಾವು.

ಆಯಿ ಊದಿನಕಡ್ಡಿ ಹಚ್ಚುತ್ತಿದ್ದಾಳೆ. ಡ್ರೈವರ್ ನಾವು ಕಲಿಸಿದ ಹಾಗೆ ತನ್ನ ಮೊಬೈಲಿನಲ್ಲಿ ಕೆಲಸ ಆಯಿತೆಂದು ತಿಳಿಸುವ ಗುಂಡಿ ಒತ್ತಿದ್ದಾನೆ. ಒತ್ತಿದ ಕೂಡಲೇ ಸೊಸೆಯ ಫೋನ್ ರಿಂಗಾಗಿದೆ. ನಮ್ಮ ನಂಬರ್ ನೋಡಿ, ಅಕ್ಕನೇ ಇರಬೇಕೆಂದು, ಅತ್ತೆಗೂ ಕೇಳಲಿ ಎಂದು ಸೊಸೆ ಸ್ಪೀಕರ್ ಹಾಕಿದ್ದಾಳೆ. ಆಗ ಆ ಕ್ಲೀನ್ ಕನ್ನಡ, ಜೇನಿನಲ್ಲಿ ಅದ್ದಿ ತೆಗೆದಂಥ ದನಿ, ರಾಶಿಯ ಮುಂದೆ ನಿಂತವರೆಲ್ಲರಿಗೂ ಕೇಳಿಸುವ ಹಾಗೆ ಹೇಳಿತು: “ನಮಸ್ಕಾರ. ನಿಮ್ಮ ರಾಶಿ ಮುಗಿದಿದೆ.” ಆಮೇಲೆ ಅಕ್ಕನ ಹೆಸರು ಹೇಳಿ, “ಇವರ ಕಡೆಯಿಂದ ಧನ್ಯವಾದಗಳು.”

ಆಯಿ ತಟ್ಟೆಯನ್ನು ನೆಲಕ್ಕಿಟ್ಟಳಂತೆ. ಕಾಯಿ ಒಡೆಯಲಿಲ್ಲ. ಲಾಭ ಎನ್ನಲಿಲ್ಲ. ರಾಶಿಯ ಮೇಲೆ ಇನ್ನೊಂದು ತಾಡಪತ್ರಿ ಹೊದಿಸಿ, ಸೋಮವಾರದವರೆಗೆ ಯಾರೂ ಮುಟ್ಟಕೂಡದು ಎಂದು ಮನೆಗೆ ನಡೆದಳಂತೆ. ಡ್ರೈವರ್ ನಮಗೆ ಹೇಳುವಾಗ ದನಿ ತಗ್ಗಿಸಿದ್ದ. “ಅಕ್ಕಾರ, ನಾ ಎಷ್ಟ ಕಣ ನೋಡೀನಿ. ಇಂಥಾದ್ದು ನೋಡಿಲ್ಲರಿ.”

ಸುದ್ದಿಗೆ ಪೋಸ್ಟರ್ ಬೇಕಾಗಲಿಲ್ಲ. ಎರಡೇ ದಿನಕ್ಕೆ ಅದೇ ಜೇವರ್ಗಿ ಕಡೆಯ ಇಜೇರಿಯಿಂದ ಬಂದಿದ್ದ ಬುಕಿಂಗುಗಳನ್ನು ಒಬ್ಬೊಬ್ಬರೇ ಬೇಡವೆಂದರು. ನಮ್ಮ ಸೇವೆಗೆ ಜನ ಒಂದು ಹೆಸರನ್ನೂ ಇಟ್ಟರು, ‘ಮುಗಿಸೋ ಮಷಿನ್’. ನಾವಿಟ್ಟ ಹೆಸರು ಯಾರ ಬಾಯಲ್ಲೂ ನಿಂತಿರಲಿಲ್ಲ, ಇದು ಮಾತ್ರ ಒಂದೇ ವಾರದಲ್ಲಿ ಜೇವರ್ಗಿ ದಾಟಿ ನಮ್ಮ ಆಳಂದಕ್ಕೂ ಬಂತು.

ನಾನು ಆ ಸಲಹೆಗಾರನಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಆತ ಕೇಳಿಸಿಕೊಂಡು, “ಅಯ್ಯೋ ಮೇಡಂ, ಇದು ಸೂಪರ್‌ಸ್ಟಿಷನ್ ಅಲ್ವಾ? ಬೇಕಾದರೆ ಕಂಪ್ಲೀಟ್ ಅಂತ ಹಾಕಿಸೋಣ” ಎಂದ.

ಆ ಮಾತಿಗೆ ನಾನು ಮಗ್ಗುಲ ಅಂಗಡಿಗೂ ಕೇಳಿಸುವಷ್ಟು ಜೋರಾಗಿ ಬೈದೆ. ನಿಮ್ಮ ಆಫೀಸಿನಲ್ಲಿ ಒಬ್ಬನನ್ನು ಕೆಲಸದಿಂದ ಕಿತ್ತುಹಾಕಿದರೆ ಕಿತ್ತುಹಾಕಿದೆವು ಎನ್ನುತ್ತೀರಾ? ‘ಹೊಸ ಅವಕಾಶಗಳಿಗೆ ಶುಭ ಹಾರೈಸುತ್ತೇವೆ’ ಎನ್ನುತ್ತೀರಿ. ಕಂಪನಿ ಮುಳುಗಿದರೆ ‘ದಿಕ್ಕು ಬದಲಿಸುತ್ತಿದ್ದೇವೆ’ ಎನ್ನುತ್ತೀರಿ. ಅದು ನಿಮ್ಮ ಸಭ್ಯತೆ. ವರ್ಷವಿಡೀ ಮೈ ಮುರಿದು ದುಡಿದವರು ಕಾಳಿನ ಮುಂದೆ ಒಂದು ಮಾತನ್ನು ತಡೆದುಕೊಂಡರೆ ಅದು ಮೂಢನಂಬಿಕೆಯೇ? ಇಷ್ಟು ಚೆನ್ನಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ. ಅಂಗಡಿಯಲ್ಲಿದ್ದವರು ಪಹಣಿ ಮರೆತು ಕೇಳುತ್ತಿದ್ದರು.

ಆತ, “ಮೇಡಂ, ಒಂದು ಕಳಿಸ್ತೀನಿ, ನೋಡಿ” ಎಂದು ಫೋನ್ ಇಟ್ಟ.

ಮೊಬೈಲಿಗೆ ಬಂದದ್ದು ಒಂದು ಹಳೆಯ ಮೆಸೇಜಿನ ಚಿತ್ರ. ಆ ದನಿ ಆಡಬೇಕಾದ ಮಾತುಗಳ ಪಟ್ಟಿ, ಎರಡು ಪುಟ. ರೆಕಾರ್ಡಿಂಗಿಗೆ ಮೊದಲೇ ನನಗೆ ಕಳಿಸಿ, ನೋಡಿ ಒಪ್ಪಿಗೆ ಕೊಡಿ ಎಂದು ಕೇಳಿದ್ದ. ಎರಡನೆಯ ಪುಟದಲ್ಲಿ ಆ ವಾಕ್ಯ ಇತ್ತು, ಅದರಲ್ಲಿ ಅಕ್ಕನ ಹೆಸರೂ ಇತ್ತು. ಕೆಳಗೆ ನನ್ನ ಉತ್ತರ: ‘ಓಕೆ ಸರ್, ಸೂಪರ್.’ ಪಕ್ಕದಲ್ಲಿ ಒಂದು ಹೆಬ್ಬೆರಳು. ಬೆಳೆ ವಿಮೆಯ ಗದ್ದಲದಲ್ಲಿ ಓದದೆ ಒತ್ತಿದೆ ಎಂದು ಹೇಳಿದರೆ ಅದು ಪೂರ್ತಿ ನಿಜವಲ್ಲ. ಓದಿದ್ದೆ. ಕಣದಲ್ಲಿ ಬೆಳೆದವಳು ನಾನು, ಓದಿಯೂ ನನಗೆ ತಟ್ಟಿರಲಿಲ್ಲ. ಅವನ ಕಿವಿಯಿಂದ ಓದಿದ್ದೆ, ಅಷ್ಟೇ. ಅಕ್ಕನಿಗೆ ಒಮ್ಮೆ ಓದಿ ಹೇಳಿದ್ದರೆ ಆ ವಾಕ್ಯ ಅಲ್ಲೇ ಸಾಯುತ್ತಿತ್ತು. ಅದು ನನಗೆ ಹೊಳೆಯಲೇ ಇಲ್ಲ. ಚಿತ್ರವನ್ನು ಅಕ್ಕನಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡಿ, ಫೋನ್ ವಾಪಸ್ ಕೊಟ್ಟು, “ನಾಳೆ ಕೊಳಕೂರಿಗೆ ಹೋಗೋಣ” ಎಂದಳು.

ಆಳಂದದಿಂದ ಕಲಬುರಗಿ, ಅಲ್ಲಿಂದ ಜೇವರ್ಗಿ, ಅಲ್ಲಿಂದ ಟಂಟಂ ಆಟೋ. ದಾರಿಯುದ್ದಕ್ಕೂ ನಾನು ಅವನನ್ನು ಬೈಯುತ್ತಲೇ ಇದ್ದೆ. ಅಕ್ಕ ಕಿಟಕಿಯಾಚೆ ಯಾರ ತೊಗರಿ ಒಣಗಿದೆ ಎಂದು ನೋಡುತ್ತಿದ್ದಳು.

ಆಯಿ ಕಣದಲ್ಲೇ ಇದ್ದಳು. ಹಿಂದಿನ ದಿನ ಸೋಮವಾರ ಪೂಜೆ ಮಾಡಿ ಅಳೆದಾಗಿತ್ತು, ಚೀಲಗಳು ಸಾಲಾಗಿ ನಿಂತಿದ್ದವು. ಸೊಸೆ ನೀರು ತಂದುಕೊಟ್ಟಳು. ನಾವು ಕುಡಿದ ಮೇಲೆ ಆಯಿ ಅಕ್ಕನ ಕಡೆ ನೋಡಿ ಹೇಳಿದಳು.

“ಆ ದನಿ ನಿಂದಲ್ಲಂತ ನನಗ ಗೊತ್ತಾತು ತಂಗಿ. ಯಾರೋ ಹೊರಗಿನಾಕಿ, ಆಕಿಗೇನ ಗೊತ್ತು ನಮ್ಮ ಕಣ. ಆಕಿ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ನಿನ್ನ ಹೆಸರು ಹೇಳಿದ್ಲು. ನಿನ್ನ ಹೆಸರಿಟ್ಟು ನಮ್ಮ ರಾಶಿ ಮುಂದ ಆ ಮಾತು ಹೇಳಿಸಿದವರು ಯಾರು?”

ನಾನು ಹೇಳಬೇಕೆಂದು ನಾಲಿಗೆ ಎತ್ತುವಷ್ಟರಲ್ಲಿ ಅಕ್ಕ, ನನ್ನ ಕಡೆ ತಿರುಗಿ ಕೂಡ ನೋಡದೆ, “ನಾನೇ ಹೇಳಿಸೇನಿ ಆಯಿ. ತಪ್ಪಾತು” ಎಂದಳು.

“ನಾ ಹೇಳಿಸಿಲ್ಲ ಅಂತ ನೀ ಅಂದಿದ್ರ ಮುಂದಿನ ವರ್ಷ ಮಷಿನ್ ಕಳಸು ಅಂತಿದ್ದೆ” ಎಂದಳು ಆಯಿ. “ಇನ್ನ ಬ್ಯಾಡ. ಉಂಡು ಹೋಗ್ರಿ.”

ಆಗಲೂ ಹೊತ್ತು ಮೀರಿರಲಿಲ್ಲ. ಅಲ್ಲ ಆಯಿ, ಹೇಳಿಸಿದಾಕಿ ನಾನು, ಅಕ್ಕನಿಗೆ ಗೊತ್ತೇ ಇರಲಿಲ್ಲ. ಎರಡು ಮಾತು, ಅಷ್ಟೇ ಇತ್ತು. ಬೆಂಗಳೂರಿನವನಿಗೆ ಅಷ್ಟು ಚಂದ ಬೈದ ನನ್ನ ಬಾಯಿಂದ ಅದು ಹೊರಡಲಿಲ್ಲ. ಅವರು ಬಡಿಸಿದ ರೊಟ್ಟಿ ಉಂಡು ಬಂದೆ.

ಆ ದನಿಯನ್ನು ತೆಗೆಸಿದೆ, ಆ ಸಲಹೆಗಾರನನ್ನೂ ಬಿಡಿಸಿದೆ. ಈಗ ಫೋನ್ ಹಚ್ಚಿದರೆ ಮತ್ತೆ ಅಕ್ಕನೇ ಗದರಿಸುತ್ತಾಳೆ. ಇಜೇರಿಯವರು ಒಬ್ಬೊಬ್ಬರಾಗಿ ಮರಳಿ ಬಂದರು. ಎಲ್ಲಾದರೂ ಕರೆದರೆ ನಾನು ಈ ಕಥೆ ಹೇಳುತ್ತೇನೆ, ಚೇಳು, ಏಡಿ, ಕ್ಲೀನ್ ಕನ್ನಡ ಎಲ್ಲ. ಜನ ನಗುತ್ತಾರೆ, ಬೆಂಗಳೂರಿನವರನ್ನು ಬೈಯುತ್ತಾರೆ, ನನಗೆ ಚಪ್ಪಾಳೆ ಬೀಳುತ್ತದೆ. ಕೊಳಕೂರಿನ ಕಣದಲ್ಲಿ ಕೂತ ಭಾಗವನ್ನು ನಾನು ಹೇಳುವುದಿಲ್ಲ.

ಈ ವರ್ಷ ಆ ಕಣಕ್ಕೆ ಬೇರೆ ಯಾರದೋ ಮಷಿನ್ ಹೋಯಿತು. ಡ್ರೈವರ್ ಬಂದು ಸುದ್ದಿ ಹೇಳಿದಾಗ ಅಕ್ಕ, “ಕಾಳ ಒಡದಿಲ್ಲಲ್ಲ?” ಎಂದಷ್ಟೇ ಕೇಳಿ ಮುಂದಿನ ಫೋನ್ ಎತ್ತಿಕೊಂಡಳು. ಆಯಿ ಇನ್ನೂ ಇದ್ದಾಳೆ. ಅವಳ ಸೊಸೆಯ ನಂಬರ್ ನನ್ನ ಮೊಬೈಲಿನಲ್ಲಿದೆ. ನಾನು ಇನ್ನೂ ಫೋನ್ ಹಚ್ಚಿಲ್ಲ.